ಕಾಲು ಹೇಳಿದ ಸುಳ್ಳು

ಹಳೆಯ ಡೈರಿಯಲ್ಲಿ ೧೯೮೧ರ ನವೆಂಬರ್ ೮, ಭಾನುವಾರದ ಪುಟದಲ್ಲಿ ಬರೆದಿಟ್ಟುಕೊಂಡ ಕಥೆ ಇದು.

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿನ ಗುರು ಅಡವಯ್ಯ ಅಜ್ಜಾರು. ಬೆಳಿಗ್ಗೆ ಪಾಠ, ಸಂಜೆ ಫುಟ್‌ಬಾಲ್. ಸುತ್ತಲಿನ ಊರಿನವರೂ ಆಡಲು ಬರುತ್ತಿದ್ದರು.

ಸೀಟಿ ಹಿಡಿದು ಆಟ ನಡೆಸುವವನು ಶಿಷ್ಯ ಶಂಭುಲಿಂಗ. ಬಾವುಟ ಹಿಡಿದು ಗೆರೆ ಕಾಯುವವನು ಮುರಿಗೆಪ್ಪ. ಸೀಟಿ ಹಿಡಿದವನೇ ಮುಂದೆ ಅಜ್ಜಾರ ಗದ್ದಿಗೆಗೂ ಏರುವವನು ಎಂದು ಆಶ್ರಮದ ತುಂಬ ಮಾತು.

ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮುರಿಗೆಪ್ಪನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಇಬ್ಬರೂ ಒಂದೇ ದಿನ ಆಶ್ರಮಕ್ಕೆ ಬಂದವರು, ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು.

ಒಂದು ಭಾನುವಾರ ಆಚೆ ದಂಡೆಯ ಊರಿನವರ ಮೇಲೆ ಆಶ್ರಮದವರು ಒಂದು ಗೋಲು ಹೊಡೆದರು. ಚೆಂಡು ಮೊದಲೇ ಗೆರೆ ದಾಟಿ ಹೊರಗೆ ಹೋಗಿತ್ತು. ಅದನ್ನು ಒಳಗೆಳೆದು ಹೊಡೆದದ್ದು ಮುರಿಗೆಪ್ಪನ ಕಣ್ಣೆದುರೇ.

ದೂರದಲ್ಲಿದ್ದ ಶಂಭುಲಿಂಗನಿಗೆ ಕಾಣಲಿಲ್ಲ. ಅವನು ಮುರಿಗೆಪ್ಪನ ಮುಖ ನೋಡಿದ.

ಮುರಿಗೆಪ್ಪ ಬಾವುಟ ಎತ್ತಲಿಲ್ಲ. ನಡುಗೆರೆಯ ಕಡೆಗೆ ಓಡಿದ. ಶಂಭುಲಿಂಗ ಗೋಲು ಕೊಟ್ಟ.

ಆಟ ಮತ್ತೆ ಶುರುವಾದ ಮೇಲೆ ಮುರಿಗೆಪ್ಪ ಬಾವುಟ ಎತ್ತಿ, ಎಲ್ಲರಿಗೂ ಕೇಳುವಂತೆ ಕೂಗಿದ: "ಶಂಭೂ, ಕಣ್ಣು ಎಲ್ಲಿ ಇಟ್ಟಿದ್ದಿ? ಚೆಂಡು ಹೊರಗ ಹೋಗಿತ್ತು!"

ಆಟ ಶುರುವಾದ ಮೇಲೆ ಗೋಲು ತಿದ್ದಲು ಬರುವುದಿಲ್ಲ. ಆಚೆ ದಂಡೆಯವರು ಶಂಭುಲಿಂಗನನ್ನು ಸುತ್ತಿಕೊಂಡರು. "ಮಠದಾಗ ಕಲಿಯೋದು ಇದನ್ನೇನೋ?" ಎಂದರು. ಅವನು ತಲೆ ತಗ್ಗಿಸಿ ನಿಂತ.

ಅಜ್ಜಾರು ಮುರಿಗೆಪ್ಪನನ್ನು ಕರೆದರು.

"ಚೆಂಡು ಹೊರಗ ಹೋಗಿದ್ದು ನೋಡಿದ್ಯಾ?"

"ನೋಡಿದೆ ಅಜ್ಜಾರ. ಪೂರ್ತಿ ಹೋಗಿತ್ತು. ಅದಕ್ಕ ಹೇಳಿದೆ."

"ಮೊದಲ ಏನು ಮಾಡಿದಿ?"

"ನಡುಗೆರೆಗೆ ಓಡಿದೆ."

"ಗೆರೆ ಕಾಯೋನು ನಡುಗೆರೆಗೆ ಓಡಿದ ಅಂದ್ರ ಏನು ಅರ್ಥ?"

ಮುರಿಗೆಪ್ಪ ನೆಲ ನೋಡಿದ. "ಗೋಲು ಸರಿ ಐತಿ ಅಂತ. ಆದ್ರ ನಾ ಬಾಯಿಲೆ ಸುಳ್ಳು ಹೇಳಿಲ್ಲ, ಅಜ್ಜಾರ."

"ಕಾಲಿಲೆ ಹೇಳಿದಿ."

ಮುಂದಿನ ಭಾನುವಾರ ಅಜ್ಜಾರು ಸೀಟಿಯನ್ನು ಮುರಿಗೆಪ್ಪನ ಕೈಗಿಟ್ಟರು. ಧೋತರ ಎತ್ತಿ ಕಟ್ಟಿ, ಬಾವುಟ ತಾವೇ ಹಿಡಿದರು. ಮುರಿಗೆಪ್ಪನ ಎದೆ ಉಬ್ಬಿತು. ಶಂಭುಲಿಂಗ ಮೈದಾನಕ್ಕೇ ಬಂದಿರಲಿಲ್ಲ.

ಆಶ್ರಮದವರೇ ಎರಡು ತಂಡವಾಗಿ ಆಡುತ್ತಿದ್ದರು. ಗೋಲಿನ ಮುಂದೆ ಒಬ್ಬ ಇನ್ನೊಬ್ಬನ ಕಾಲಿಗೆ ಒದ್ದ. ಮುರಿಗೆಪ್ಪ ಜೋರಾಗಿ ಸೀಟಿ ಊದಿ ಪೆನಾಲ್ಟಿ ಕೊಟ್ಟ.

ಅಜ್ಜಾರು ಬಾವುಟ ಎತ್ತಿ, ನಿಂತಲ್ಲೇ ನಿಂತರು.

ನೋಡದವನ ಹಾಗೆ ಇದ್ದುಬಿಡಲೇ ಎನಿಸಿತು ಮುರಿಗೆಪ್ಪನಿಗೆ. ಆದರೂ ಹೋದ.

ಅಜ್ಜಾರು ಬಾವುಟದಿಂದ ಬಾಯಿ ಮರೆಮಾಡಿ ಮೆಲ್ಲಗೆ ಹೇಳಿದರು: "ಒದ್ದಿದ್ದು ಪೆನಾಲ್ಟಿ ಗೆರೆಯ ಹೊರಗ. ಒಂದು ಗೇಣು. ನಾ ನೋಡಿದ್ದು ಇಷ್ಟು. ತೀರ್ಮಾನ ನಿಂದು."

ಮುರಿಗೆಪ್ಪ ಪೆನಾಲ್ಟಿ ಬಿಟ್ಟು, ಚೆಂಡನ್ನು ಗೆರೆಯ ಹೊರಗೆ ಇಡಿಸಿದ.

"ಭೇಷ್ ಮುರಿಗೆಪ್ಪ! ಕಣ್ಣು ಅಂದ್ರ ಹಿಂಗಿರಬೇಕು!" ಎಂದು ಕಟ್ಟೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು.

ಅಜ್ಜಾರು ಆಗಲೇ ತಮ್ಮ ಜಾಗಕ್ಕೆ ಹೊರಟಿದ್ದರು.

ಆಟ ಮುಗಿದ ಮೇಲೆ ಹೊಳೆಯಲ್ಲಿ ಕಾಲು ತೊಳೆಯುತ್ತಾ ಮುರಿಗೆಪ್ಪ ಕೇಳಿದ:

"ತಪ್ಪು ಕಂಡವರು ನೀವು. ಚಪ್ಪಾಳಿ ಬಂದಿದ್ದು ನನಗ. ನಿಮಗ ಹೊಟ್ಟೆಕಿಚ್ಚು ಬರಲಿಲ್ಲೇನ್ರಿ?"

"ಬಂತು."

ಮುರಿಗೆಪ್ಪ ಬೆರಗಾಗಿ ತಲೆ ಎತ್ತಿದ.

"ಅದು ಬರೋದ್ರಾಗ ಬಾವುಟ ಮ್ಯಾಲಿತ್ತು," ಎಂದರು ಅಜ್ಜಾರು.

ಮುರಿಗೆಪ್ಪ ಸೀಟಿಯನ್ನು ಕೊರಳಿನಿಂದ ತೆಗೆದ.

"ಇದನ್ನ ಶಂಭೂಗ ಕೊಡ್ರಿ, ಅಜ್ಜಾರ. ನಾ ಗೆರೆ ಕಾಯ್ತೀನಿ."

"ಶಂಭು ಮುಂಜಾನೆನ ಗಂಟು ಕಟ್ಟಿಕೊಂಡು ಹೋದ. ಇನ್ನ ಬರಂಗಿಲ್ಲ ಅಂದ. ಆಚೆ ದಂಡಿಯವರೂ ಬರಂಗಿಲ್ಲ ಅಂತ ಹೇಳಿ ಕಳಿಸ್ಯಾರ. ಆ ಗೋಲು ಮಾತ್ರ ನಮ್ಮ ಹೆಸರಿನ್ಯಾಗ ಹಂಗ ಐತಿ."