ಏರು ಹತ್ತಿದ ಮೇಲೆ

ನದಿ ದಂಡೆಯ ಮಠಕ್ಕೆ ಶರಭ ಬಂದದ್ದು ಮಂತ್ರೋಪದೇಶ ಬೇಡಲು. ಅದಕ್ಕೂ ಮೊದಲು ಅವನು ಲಾರಿ ಗ್ಯಾರೇಜಿನಲ್ಲಿ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದ. ಉಗುರು ಸಂದಿಯ ಗ್ರೀಸು ಇನ್ನೂ ಹೋಗಿರಲಿಲ್ಲ.

ಮಠದ ಗುರು ಮುಪ್ಪಯ್ಯಜ್ಜಾರು ಮಂತ್ರ ಕೊಡಲಿಲ್ಲ. ಅಂಗಳದಲ್ಲಿದ್ದ ಹಳೇ ಲಾರಿ ತೋರಿಸಿದರು.

“ಮಧ್ಯಾಹ್ನದ ದಾಸೋಹದ ಊಟ ಇದರಾಗ ಗುಡ್ಡದ ಮ್ಯಾಲಿನ ಕಲ್ಲು ಒಡಿಯೋರ ಕೇರಿಗೆ ಹೋಗತೈತಿ. ಈ ಮುದುಕಿ ಏರಿನಾಗ ಅಲ್ಲಲ್ಲಿ ನಿಂತು ದಮ್ಮು ಹತ್ತಿ ಕೂಡತಾಳ. ಅಷ್ಟರಾಗ ಸಾರು ಆರಿ ತಣ್ಣಗಾಗತೈತಿ. ಒಂದ ಉಸಿರಿಗೆ ಹತ್ತೂವಂಗ ಮಾಡು. ಅವತ್ತ ಮಂತ್ರ ಕೊಡತೀನಿ.”

ಶರಭನಿಗೆ ಸಿಟ್ಟೇ ಬಂತು. “ಗ್ಯಾರೇಜ್ ಬಿಟ್ಟು ನಿಮ್ಮ ಪಾದಕ್ಕ ಬಂದೀನ್ರಿ ಅಜ್ಜಾರ. ತಿರುಗಿ ಅದನ್ನ ಕೊಡತೀರಲ್ರಿ?”

“ನೀ ಅದನ್ನ ಬಿಟ್ಟಿ. ಅದು ನಿನ್ನ ಬಿಟ್ಟೈತೋ ಇಲ್ಲೋ ಕೇಳಿ ನೋಡು,” ಎಂದ ಅಜ್ಜಾರು ಪೂಜೆಗೆ ಹೂ ಕೀಳಲು ಹೋದರು.

ಶರಭ ಗುಜರಿಯಿಂದ ಒಂದು ಸವೆದ ಟರ್ಬೊ ಹುಡುಕಿ ತಂದ. ಬಸವನಹುಳದ ಹಾಗೆ ಸುತ್ತಿಕೊಂಡ ಕಬ್ಬಿಣದ ಗೂಡು, ಒಳಗೆ ಎರಡು ಪುಟ್ಟ ಗಾಲಿ, ನಡುವೆ ಒಂದೇ ದಂಡ. ಹಳೇ ಎಂಜಿನ್ನಿಗೆ ಅದನ್ನು ಕೂರಿಸಲು ದಪ್ಪ ತಗಡು ಕತ್ತರಿಸಿದ, ಪೈಪು ಬಾಗಿಸಿ ಬೆಸುಗೆ ಹಾಕಿದ.

ಅಜ್ಜಾರು ಬಕೆಟ್ ಬೋರಲು ಹಾಕಿ ಪಕ್ಕದಲ್ಲಿ ಕೂತರು. “ಇದು ಏನ ಮಾಡತೈತೋ?”

“ಎಂಜಿನ್ನಿಂದ ಹೊರಗ ಹೋಗೋ ಹೊಗಿ ಈ ಗಾಲಿ ತಿರಗಸತೈತ್ರಿ. ಅದರ ಸಂಗಾಟ ಆ ಕಡೆ ಗಾಲಿ ತಿರುಗಿ ಗಾಳಿನ ಒಳಗ ಒತ್ತತೈತಿ. ಗಾಳಿ ಹೆಚ್ಚಾದ್ರ ಡೀಸೆಲ್ಲೂ ಹೆಚ್ಚು ಸುಡತೈತಿ, ಲಾರಿಗೆ ಕಸುವು ಬರತೈತಿ.”

“ಅಂದ್ರ ಹೊರಗ ಒಗಿಯೋ ಹೊಗಿನ ದುಡಿಯಾಕ ಹಚ್ಚೀದಿ ಅನ್ನು.”

“ಹೂಂನ್ರಿ.”

“ದುಡಿಯೋದಕ್ಕ ಊಟ?”

“ಎಣ್ಣಿ ರೀ. ಎಂಜಿನ್ನಿಂದನ ಈ ಸಣ್ಣ ಪೈಪಿನಾಗ ಹರೀಬೇಕು. ಗಾಲಿ ಹುಚ್ಚು ಹಿಡಿದಂಗ ತಿರಗತೈತಿ. ಎಣ್ಣಿ ನಿಂತರ ಒಳಗೆಲ್ಲಾ ಸುಟ್ಟ ಹೋಗತೈತಿ.”

ಅಜ್ಜಾರು ಇಣುಕಿ ನೋಡಿ, ಎದ್ದು ಹೋದರು.

ಮೊದಲ ಸಲ ಚಾಲೂ ಮಾಡಿದಾಗ ಗಾಳಿಯ ರಬ್ಬರ್ ಪೈಪು ಫಟ್ ಎಂದು ಹಾರಿತು. ಅಡುಗೆಮನೆಯಲ್ಲಿ ಯಾರದೋ ಕೈಯಿಂದ ಸೌಟು ಬಿದ್ದ ಸದ್ದಾಯಿತು. ಶರಭ ಪೈಪಿಗೆ ಬಿಗಿಯಾಗಿ ಪಟ್ಟಿ ಕಟ್ಟಿದ. ಸೋಪಿನ ನೀರು ಸವರಿ, ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ನೋಡಿದ.

ಆ ದಿನಗಳಲ್ಲಿ ಅವನು ಬೆಳಗಿನ ಧ್ಯಾನಕ್ಕೂ ಕೂರುತ್ತಿದ್ದ. ಮುಗಿದ ಗಂಟೆ ಬಾರಿಸಿದ್ದೇ ತಡ, ಚಂಗನೆ ಎದ್ದು ಲಾರಿಯತ್ತ ಓಡುತ್ತಿದ್ದ. ಅಜ್ಜಾರು ನೋಡುತ್ತಿದ್ದರು.

ಕಡೆಗೊಂದು ಮಧ್ಯಾಹ್ನ ಲಾರಿ ತುಂಬಿದ ಹೇರಿನೊಂದಿಗೆ ಹೊರಟಿತು. ಸಿಳ್ಳೆ ಹೊಡೆಯುತ್ತಾ, ಎಲ್ಲೂ ನಿಲ್ಲದೆ ಗುಡ್ಡ ಹತ್ತಿತು. ಶರಭನ ಖುಷಿಗೆ ಮಿತಿಯೇ ಇರಲಿಲ್ಲ. ಮೇಲೆ ಮುಟ್ಟಿದ ಕೂಡಲೇ ಕೀಲಿ ತಿರುವಿ ಎಂಜಿನ್ ಬಂದ್ ಮಾಡಿದ. ಕೆಳಗೆ ಹಾರಿ, ಕಾಲುದಾರಿ ಹಿಡಿದು ಮಠಕ್ಕೆ ಓಡಿದ.

“ಹತ್ತಿತ್ರಿ ಅಜ್ಜಾರ! ಒಂದ ಉಸಿರಿಗೆ ಹತ್ತಿತು! ಮಂತ್ರ ಕೊಡ್ರಿ!”

“ಲಾರಿ ಎಲ್ಲೈತಿ?”

“ಮ್ಯಾಲ ಐತ್ರಿ.”

“ಮೊದಲ ಅದನ್ನ ತಗೊಂಡ ಬಾ.”

ಶರಭ ಗುಡ್ಡ ಹತ್ತಿ ಹೋಗಿ ಎಂಜಿನ್ ಚಾಲೂ ಮಾಡಿದ. ಟರ್ಬೊ ಕಿರ್ರೆಂದು ಚೀರಿತು. ನೀಲಿ ಹೊಗೆ ಕಾರುತ್ತಾ ಲಾರಿ ಹೇಗೋ ಇಳಿದು ಬಂತು. ಬಿಚ್ಚಿ ನೋಡಿದರೆ ಬೇರಿಂಗಿನಲ್ಲಿ ಎಣ್ಣೆ ಸುಟ್ಟು ಕರಿಯಾಗಿತ್ತು. ಅವನಿಗೆ ಅಳುವೇ ಬಂತು.

“ಯಾಕ ಹಿಂಗಾತೋ?” ಅಜ್ಜಾರು ಕೇಳಿದರು.

“ಏರು ಹತ್ತಿದ ಕೂಡಲೇ ಎಂಜಿನ್ ಬಂದ್ ಮಾಡಬಾರದ್ರಿ. ಎಂಜಿನ್ ನಿಂತರೂ ಒಳಗಿನ ಗಾಲಿ ತಿರಗತಾನ ಇರತೈತಿ, ಎಣ್ಣಿ ಮಾತ್ರ ನಿಂತಬಿಡತೈತಿ. ಸ್ವಲ್ಪ ಹೊತ್ತು ನಿಂತಲ್ಲೇ ಸಣ್ಣಗ ಓಡಾಕ ಬಿಡಬೇಕು. ಕಾವು ಇಳಿದ ಮ್ಯಾಲ ಕೀಲಿ ತಿರವಬೇಕು.”

“ಇದು ನಿನಗ ಗೊತ್ತಿರಲಿಲ್ಲೇನು?”

ಶರಭ ತಲೆ ತಗ್ಗಿಸಿದ. “ಗ್ಯಾರೇಜಿನಾಗ ಇದನ್ನ ಎಲ್ಲಾ ಡ್ರೈವರಗೋಳಿಗೂ ಬೈದು ಬೈದು ಹೇಳತಿದ್ದಾವ ನಾನ ರೀ.”

“ಹೇಳೋದು ಶಾಸ್ತ್ರ, ತಿನ್ನೋದು ಬದನೀಕಾಯಿ!” ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಳ್ಳುತ್ತಿದ್ದ ಶರಭನಿಗೂ ನಗು ಬಂತು.

ಬೇರಿಂಗ್ ಬದಲಾಯಿಸಿ, ಎಲ್ಲವನ್ನೂ ಮತ್ತೆ ಜೋಡಿಸಿದ. ಈ ಸಲ ಅಜ್ಜಾರೂ ಮುಂದೆ ಅವನ ಪಕ್ಕದಲ್ಲೇ ಕೂತರು. ಲಾರಿ ನಿಲ್ಲದೆ ಗುಡ್ಡ ಹತ್ತಿತು.

ಮೇಲೆ ಮುಟ್ಟಿದ ಮೇಲೆ ಶರಭ ಕೀಲಿ ಮುಟ್ಟಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತ. ಎಂಜಿನ್ ಸಣ್ಣಗೆ ಗುಡುಗುಡು ಅನ್ನುತ್ತಿತ್ತು.

ಕೇರಿಯ ಹಿರಿಯಳು ಹುಲಿಗೆವ್ವ ಕಿಟಕಿಗೆ ಬಂದಳು. “ಯಾಕೋ ತಮ್ಮಾ, ಇಳಿಯಂಗಿಲ್ಲೇನು? ನಮಗ ಹೊಟ್ಟಿ ಹಸದೈತಿ.”

“ಒಂಚೂರು ತಡೀ ಆಯಿ. ಇದು ಸುಧಾರಿಸ್ಕೊಳ್ಳಲಿ.”

ಸದ್ದು ಹದಕ್ಕೆ ಬಂದ ಮೇಲೆ ಅವನು ಕೀಲಿ ತಿರುವಿದ. ಸಾರಿನ ಪಾತ್ರೆ ಇಳಿಯಿತು. ದಿನವೂ ಮಾಡುವ ಹಾಗೆ ಹುಲಿಗೆವ್ವ ಬೆರಳು ಅದ್ದಿ ನೋಡಿದಳು.

“ಅಯ್ಯಯ್ಯ! ಬೆರಳ ಸುಟ್ಟಿತಲ್ಲೋ!”

ಅಂಥ ಒಳ್ಳೆಯ ಮಾತನ್ನು ಶರಭ ಯಾವ ಪುರಾಣದಲ್ಲೂ ಕೇಳಿರಲಿಲ್ಲ.

ಎಲ್ಲರ ಊಟ ಮುಗಿಯಿತು. ಬೇವಿನ ಮರದ ನೆರಳಿನಲ್ಲಿ ಅಜ್ಜಾರು ಅವನನ್ನು ಎದುರಿಗೆ ಕೂರಿಸಿಕೊಂಡರು. ತಲೆಯ ಮೇಲೆ ಕೈಯಿಟ್ಟು, ಬಲಗಿವಿಯಲ್ಲಿ ಮಂತ್ರ ಹೇಳಿದರು.

ಶರಭನ ಮೈ ಜುಮ್ಮೆಂದಿತು, ಕಣ್ಣು ತುಂಬಿ ಬಂತು. ಮರುಗಳಿಗೆಗೆ ಚಂಗನೆ ಎದ್ದು ನಿಂತ.

“ಅಜ್ಜಾರ, ನನಗ ಉಪದೇಶ ಆತು ಅಂತ ಓಡಿ ಹೋಗಿ ಮಠದಾಗ ಎಲ್ಲಾರಿಗೂ ಹೇಳಿ ಬರತೀನ್ರಿ!”

ಅಜ್ಜಾರು ಅವನ ಹೆಗಲ ವಸ್ತ್ರದ ಚುಂಗು ಹಿಡಿದರು.

“ಕುಂದ್ರೋ ಶರಭಾ. ಈಗಷ್ಟ ಏರು ಹತ್ತೀದಿ.”