ಭೂತಬಂಗಲೆಯ ಮೂರನೆಯ ತಿರುವು

ಶಿಷ್ಯೆ ಕೇಳಿದಳು: "ಈ ಹಳೆಯ ಪಾಠದ ಪುಸ್ತಕವನ್ನು ಹೊಸದಾಗಿ ಬರೆಯಲು ನನಗೆ ಹೇಳಿದ್ದೀರಿ. ನಿಮ್ಮ ಗುರುಗಳು ಬರೆದದ್ದು ಒಂದಿದೆ. ಅದನ್ನು ತಿದ್ದಿ ಮತ್ತೊಬ್ಬರು ಬರೆದದ್ದು ಇನ್ನೊಂದಿದೆ. ಇದು ನನ್ನಿಂದ ಆಗದು ಎಂದು ಮೂವರು ಹಿರಿಯರು ಆಗಲೇ ಹೇಳಿದ್ದಾರೆ. ನಾನು ಬರೆಯುವುದು ಮೊದಲಿನದಕ್ಕೆ ಸಮನಾಯಿತೋ ಇಲ್ಲವೋ ಎಂದು ನನಗೆ ಹೇಗೆ ತಿಳಿಯಬೇಕು?"

ಗುರು ಹೇಳಿದರು: "ಮೂವರು ಕಡಿಮೆಯಾಯಿತು. ಒಬ್ಬ ಹೆಂಗಸಿಗೆ ನಾಲ್ವರು ಹೇಳಿದ್ದರು. ಕೇಳು."

ಒಂದು ಊರಿನ ಹೊರಗೆ ಆಟದ ಪಾರ್ಕು ಇತ್ತು. ಅದರ ಮೂಲೆಯಲ್ಲಿ ಒಂದು ಭೂತಬಂಗಲೆ. ಇಬ್ಬರು ಕೂರುವ ಸಣ್ಣ ಬಂಡಿ ಹಳಿಯ ಮೇಲೆ ಕತ್ತಲೊಳಗೆ ಹೋಗುತ್ತಿತ್ತು. ಮೂರು ತಿರುವು ದಾಟಿ ಹಿಂಬಾಗಿಲಿನಿಂದ ಹೊರಗೆ ಬರುತ್ತಿತ್ತು. ಒಳಗೆ ಹೋಗುವಾಗ ಜನ ನಗುತ್ತಿದ್ದರು. ಹೊರಗೆ ಬರುವಾಗ ಕಿರುಚುತ್ತಿದ್ದರು. ಬಂದವರು ಮರುದಿನ ನೆಂಟರನ್ನು ಕರೆದುಕೊಂಡು ಮತ್ತೆ ಬರುತ್ತಿದ್ದರು.

ಆ ಹಿಂಬಾಗಿಲಿನ ಎದುರು ಒಬ್ಬ ಹೆಂಗಸು ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು. ಹೆದರಿದವರಿಗೆ ಹಸಿವಾಗುತ್ತದೆ ಎಂಬುದನ್ನು ಕಂಡುಕೊಂಡವಳು ಅವಳೇ. ಶಾಲೆಗೆ ಹೋದವಳಲ್ಲ. ಬಂಗಲೆಯ ಗೋಡೆಗೆ 'ಎದೆ ಗಟ್ಟಿ ಇಲ್ಲದವರು ಒಳಗೆ ಬರಬಾರದು' ಎಂಬ ಬೋರ್ಡು ಹಾಕಿದ್ದರು. ಅದನ್ನು ದಿನವೂ ನೋಡಿ ನೋಡಿ ಅಕ್ಷರ ಕಲಿತಳು. ಅದರಲ್ಲಿ ಇಲ್ಲದ ಅಕ್ಷರಗಳನ್ನು ಕಡಲೆಕಾಯಿ ಕಟ್ಟುವ ಕಾಗದದಿಂದ ಕಲಿತಳು.

ಹತ್ತು ವರ್ಷದವಳಿದ್ದಾಗ ಒಮ್ಮೆ ಅವಳು ಚಿಕ್ಕಮ್ಮನ ಜೊತೆ ಆ ಬಂಡಿಯಲ್ಲಿ ಕುಳಿತಿದ್ದಳು. ಮೂರನೆಯ ತಿರುವಿನಲ್ಲಿ ಬಂಡಿ ನಿಂತಿತು. ಕಿವಿಯ ಹತ್ತಿರ ಯಾರೋ ಉಸಿರು ಬಿಟ್ಟರು. ತಣ್ಣನೆಯ ಬೆರಳೊಂದು ಅವಳ ಕತ್ತನ್ನು ಸವರಿತು. ಅವಳು ಒಂದೇ ಚಪ್ಪಲಿಯಲ್ಲಿ ಹೊರಗೆ ಬಂದಳು. ಆಮೇಲೆ ಬದುಕಿನಲ್ಲಿ ಅನೇಕ ಸಲ ಹೆದರಿದಳು. ಹೆದರಿ ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.

ಪಾರ್ಕಿನ ಯಜಮಾನ ತೀರಿಕೊಂಡ. ಒಬ್ಬ ವ್ಯಾಪಾರಿ ಅದನ್ನು ಕೊಂಡು ಬಂಗಲೆಯನ್ನು ರಿಪೇರಿ ಮಾಡಿಸಿದ. ಬಂಡಿಗೆ ಮೋಟಾರು ಹಾಕಿಸಿದ. ಕೆಂಪು ಬಲ್ಬು ಹಾಕಿಸಿದ. ಪ್ಲಾಸ್ಟಿಕ್ಕಿನ ಅಸ್ಥಿಪಂಜರಗಳನ್ನು ತರಿಸಿದ. ಟೇಪಿನಲ್ಲಿ ಭೂತದ ನಗು ಹಾಕಿಸಿದ. ಜನ ಬಂದರು, ನೋಡಿದರು. ಯಾರೂ ಕಿರುಚಲಿಲ್ಲ. ಒಬ್ಬ ಮುದುಕಿ ಟೇಪಿನ ನಗುವನ್ನು ಪೂರ್ತಿ ಕೇಳಿ, ನಮ್ಮ ನಾದಿನಿಗೆ ಇದಕ್ಕಿಂತ ಚೆನ್ನಾಗಿ ಬರುತ್ತದೆ ಎಂದಳು. ಒಂದು ವರ್ಷಕ್ಕೆ ಬಂಗಲೆ ಮುಚ್ಚಿತು. ಹೆದರಿದವರಿಲ್ಲದೆ ಕಡಲೆಕಾಯಿಯೂ ಪಾತ್ರೆಯಲ್ಲೇ ಉಳಿಯಿತು.

ಹೆಂಗಸು ವ್ಯಾಪಾರಿಯ ಬಳಿಗೆ ಹೋಗಿ, ಬಂಗಲೆಯನ್ನು ನಾನು ಸರಿ ಮಾಡಿ ನಡೆಸುತ್ತೇನೆ ಎಂದಳು. ನಿನ್ನಿಂದ ಆಗದು ಎಂದ ವ್ಯಾಪಾರಿ. ಬಡಗಿಯನ್ನು ಕರೆದಳು. ಆಗದು ಎಂದ ಬಡಗಿ. ಅವಳ ತಾಯಿಯೂ ಆಗದು ಎಂದು ಹೇಳಿ, ಹೇಳಿದ್ದು ಸಾಲದೆಂದು ಅತ್ತಳು. ಎಲ್ಲರಿಗಿಂತ ಜೋರಾಗಿ ಹೇಳಿದವನು ಅವಳ ಮೈದುನ.

"ಹಲ್ಲಿ ಕಂಡರೆ ಒಲೆ ಬಿಟ್ಟು ಓಡ್ತೀಯಲ್ಲ ಅತ್ತಿಗೆ. ನೀನು ದೆವ್ವ ಸಾಕ್ತೀಯಾ?"

"ಹನ್ನೆರಡು ವರ್ಷ ನಿನ್ನನ್ನು ಸಾಕಿಲ್ಲವೇನಪ್ಪ?" ಎಂದಳು.

ವ್ಯಾಪಾರಿ ಕೊನೆಗೆ ಒಪ್ಪಿದ. ಅವಳು ಕಡಲೆಕಾಯಿ ಮಾರುವ ಜಾಗದ ಮೇಲೆ ಅವನ ಅಳಿಯನಿಗೆ ಮೊದಲಿನಿಂದಲೂ ಕಣ್ಣಿತ್ತು. ಆ ಜಾಗ ಬಿಟ್ಟುಕೊಡು ಎಂದ. ಹಬ್ಬಕ್ಕೆ ಬಂಗಲೆಯ ಬಾಗಿಲು ತೆಗೆ, ಹತ್ತು ಬಂಡಿ ಬಿಡು, ಹತ್ತರಲ್ಲಿಯೂ ಕಿರುಚಾಟ ಕೇಳಿಸಿದರೆ ಬಂಗಲೆ ನಿನ್ನದು ಎಂದ. ಇಲ್ಲದಿದ್ದರೆ ಅದನ್ನು ಕೆಡವಿ ಕಕ್ಕಸು ಕಟ್ಟಿಸುತ್ತೇನೆ, ಜನ ಅದನ್ನಾದರೂ ಕೇಳುತ್ತಿದ್ದಾರೆ ಎಂದ. ಅವಳು ಅಂದೇ ಒಲೆ ಎತ್ತಿದಳು. ಅಲ್ಲಿಗೆ ಅವಳಿಗೆ ಮರಳಿ ಕೂರಲು ಜಾಗವಿಲ್ಲದಂತಾಯಿತು.

ಒಂದು ದೀಪ ಹಿಡಿದು ಒಳಗೆ ಹೋದಳು. ವ್ಯಾಪಾರಿ ಹೊಡೆಸಿದ್ದ ಹಲಗೆಗಳನ್ನು ಬಿಚ್ಚಿದಳು. ಹಿಂದೆ ಹಳೆಯ ಯಜಮಾನನ ಗೋಡೆ ಹಾಗೆಯೇ ಇತ್ತು. ಅದಕ್ಕೆ ಒರಗಿ ಅವನ ಗೊಂಬೆಗಳೂ ಇದ್ದವು. ಎರಡು ಕಾಲದ ಭೂತಗಳನ್ನೂ ಅಂಗಳಕ್ಕೆ ತಂದಳು. ಹಳೆಯವನ್ನು ಎಡಕ್ಕೆ, ಹೊಸವನ್ನು ಬಲಕ್ಕೆ ನಿಲ್ಲಿಸಿದಳು. ಹೆಣ್ಣು ನೋಡಲು ಬಂದವಳಂತೆ ಎದುರಿಗೆ ಕುಳಿತು ಒಂದೊಂದನ್ನೇ ನೋಡಿದಳು.

ಹೊಸವು ಅವಳನ್ನು ಹೆದರಿಸಲಿಲ್ಲ. ಹಳೆಯವೂ ಹೆದರಿಸಲಿಲ್ಲ. ಹಳೆಯವು ನಾಲ್ಕೇ ಇದ್ದವು. ಹುಲ್ಲು ತುಂಬಿದ ಗೋಣಿಚೀಲಕ್ಕೆ ಮಡಕೆಯ ತಲೆ. ಒಂದರ ಮೂಗು ಬಿದ್ದುಹೋಗಿತ್ತು. ತನ್ನ ಕತ್ತನ್ನು ಸವರಿದ ಕೈ ಅವುಗಳಲ್ಲಿ ಯಾವುದಕ್ಕೂ ಇರಲಿಲ್ಲ. ಇನ್ನೂ ಇದ್ದಿರಬೇಕು, ಅವನ್ನು ಗೆದ್ದಲು ತಿಂದಿರಬೇಕು ಎಂದುಕೊಂಡಳು.

ಆಗ ಅವಳು ಊರಿಗೆ ಹೋಗಿ ಜನರನ್ನು ಕೇಳಿದಳು. ಹಳೆಯ ಬಂಗಲೆಯನ್ನು ಯಾರೂ ಮರೆತಿರಲಿಲ್ಲ. ಮೂರನೆಯ ತಿರುವಿನಲ್ಲಿ ತಲೆಯೇ ಇಲ್ಲದವನೊಬ್ಬ ನಿಂತಿದ್ದ ಎಂದ ಕ್ಷೌರಿಕ. ತಲೆ ಇತ್ತು, ಕನ್ನಡಕವೂ ಇತ್ತು, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದಿದ್ದ ಎಂದರು ಮೇಷ್ಟರು. ಬಾವಿಯಿಂದ ಎದ್ದು ಬಂದ ಹೆಂಗಸು ಎಂದಳು ಒಬ್ಬ ಅತ್ತೆ. ಹೆಬ್ಬಾವು, ನನ್ನ ಕೊರಳಿಗೇ ಬಿತ್ತು ಎಂದ ವ್ಯಾಪಾರಿ. ಹರೆಯದಲ್ಲಿ ಅವನೂ ಒಮ್ಮೆ ಕುಳಿತಿದ್ದ. ಮೈದುನ ಮಾತ್ರ, ನಾನು ಕಣ್ಣು ಮುಚ್ಚಿಕೊಂಡಿದ್ದೆ, ಆದರೂ ಕಂಡೆ ಎಂದ. ಏನು ಕಂಡೆ ಎಂದು ಹೇಳಲಿಲ್ಲ.

ಎಲ್ಲವನ್ನೂ ಅವಳು ತನ್ನ ಅಕ್ಷರದಲ್ಲಿ ಬರೆದುಕೊಂಡಳು. ಬಡಗಿಯ ಮುಂದೆ ಓದಿದಳು. ಆಗದು ಎಂದಿದ್ದ ಬಡಗಿಯೇ ಎಲ್ಲವನ್ನೂ ಮಾಡಿಕೊಟ್ಟ. ಜನ ಎಲ್ಲವನ್ನೂ ಮೂರನೆಯ ತಿರುವಿನಲ್ಲೇ ಕಂಡಿದ್ದರಿಂದ ಅವಳು ಎಲ್ಲವನ್ನೂ ಅಲ್ಲಿಯೇ ನಿಲ್ಲಿಸಿದಳು. ತಲೆಯಿಲ್ಲದವನು ಮೇಷ್ಟರ ಕನ್ನಡಕದವನಿಗೆ ಆತುಕೊಂಡು ನಿಲ್ಲಬೇಕಾಯಿತು. ಮೋಟಾರಿಗೆ ಎಣ್ಣೆ ಹಾಕಿಸಿದಳು.

ಆಯುಧಪೂಜೆಯ ದಿನ ಬಂತು. ಬಡಗಿ ದೈವಭಕ್ತ. ಪೂಜೆಯಿಲ್ಲದೆ ನಾನು ಗರಗಸ ಮುಟ್ಟಿದವನಲ್ಲ, ನೀನೂ ಪೂಜೆಯಿಲ್ಲದೆ ಬಂಡಿ ಬಿಡಬೇಡ ಎಂದ. ನೀನೇ ಮಾಡಿಬಿಡು ಎಂದು ಅವಳು ಜನರನ್ನು ಸಾಲಾಗಿ ನಿಲ್ಲಿಸಲು ಹೋದಳು. ಬಡಗಿ ಬಂಡಿಗೆ ಕುಂಕುಮ ಇಟ್ಟ, ಹಳಿಗೆ ಇಟ್ಟ, ಮೋಟಾರಿಗೆ ಇಟ್ಟ. ಭೂತಗಳನ್ನು ಬಿಟ್ಟರೆ ಬೇಸರವಾದೀತೆಂದು ಅವುಗಳ ಹಣೆಗೂ ಇಟ್ಟ. ತಲೆಯಿಲ್ಲದವನಿಗೆ ಎದೆಗೆ ಇಟ್ಟ. ಎಲ್ಲರಿಗೂ ಚೆಂಡುಹೂವಿನ ಹಾರ ಹಾಕಿದ. ಹೆಬ್ಬಾವಿಗೆ ವಿಭೂತಿ ಬಳಿದ. ಬಾವಿಯ ಹೆಂಗಸಿನ ಬರಿ ಕೈ ನೋಡಲಾರದೆ ಹಸಿರು ಬಳೆ ತೊಡಿಸಿ, ಮಡಿಲಿಗೆ ರವಿಕೆ ಕಣ ಇಟ್ಟ. ಊದುಬತ್ತಿ ಹಚ್ಚಿ ಹೊರಗೆ ಬಂದ.

ಮೊದಲ ಬಂಡಿ ಹೋಯಿತು. ಒಳಗಿನಿಂದ ಸದ್ದಿಲ್ಲ. ಹೊರಗೆ ಬಂದ ಗಂಡಹೆಂಡತಿ ಕೈ ಮುಗಿದುಕೊಂಡೇ ಇಳಿದರು. ಎರಡನೆಯದರಲ್ಲಿ ಬಂದವರು ಕೆನ್ನೆ ತಟ್ಟಿಕೊಳ್ಳುತ್ತಿದ್ದರು. ಮೂರನೆಯದರಲ್ಲಿ ಬಂದ ಅಜ್ಜಿ ಹೆಂಗಸಿನ ಕೈ ಹಿಡಿದು, "ದರ್ಶನ ಚೆನ್ನಾಯ್ತಮ್ಮ. ತೀರ್ಥ ಯಾವ ಕಡೆ ಕೊಡ್ತಾರೆ?" ಎಂದಳು.

ವ್ಯಾಪಾರಿ, ಭೂತ ಕೂರಿಸು ಎಂದರೆ ದೇವರನ್ನು ಕೂರಿಸಿದ್ದೀಯ ಎಂದ. ಗೋಡೆ ಅಳೆಯಲು ಮೇಸ್ತ್ರಿಗೆ ಹೇಳಿ ಕಳಿಸಿದ.

ಹೆಂಗಸು ಬಂಡಿಗೆ ಅಡ್ಡ ನಿಂತಳು. ಹಬ್ಬಕ್ಕೆ ಎಂದು ನೀವು ಹೇಳಿದ್ದು, ಹಬ್ಬದ ಯಾವ ದಿನ ಎಂದು ಹೇಳಿಲ್ಲ, ನಾಳೆ ವಿಜಯದಶಮಿ, ಅದೂ ಹಬ್ಬವೇ ಎಂದಳು. ಸಾಲಿನಲ್ಲಿದ್ದ ಜನ ಹೌದೆಂದರು. ವ್ಯಾಪಾರಿ ಒಂದು ದಿನ ಬಿಟ್ಟ.

ಮರುದಿನ ಬೆಳಿಗ್ಗೆ ಅವಳು ಭೂತಗಳನ್ನು ಅಂಗಳಕ್ಕೆ ಎಳೆದುತಂದು ಕುಂಕುಮ ಒರೆಸುತ್ತಿದ್ದಳು. ಪಾರ್ಕಿನ ಬಾಗಿಲಲ್ಲಿ ಸೈಕಲ್ ಕಾಯುವ ಮುದುಕನೊಬ್ಬ ಬಂದು ನಿಂತ. ಹಳೆಯ ಯಜಮಾನನ ಕಾಲದಲ್ಲಿ ಅವನು ಬಂಗಲೆಯೊಳಗೆ ಕೆಲಸಕ್ಕಿದ್ದ. ಮೋಟಾರು ಬಂದ ದಿನ ವ್ಯಾಪಾರಿ ಅವನನ್ನು ಬಾಗಿಲಿಗೆ ಹಾಕಿದ್ದ. ಹೆಂಗಸು ಬಂಡಿಯಲ್ಲಿ ಕುಳಿತವರನ್ನೆಲ್ಲ ಕೇಳಿದ್ದಳು. ಅವನು ಕುಳಿತವನಲ್ಲವೆಂದು ಅವನನ್ನು ಕೇಳಿರಲಿಲ್ಲ.

ಮುದುಕ ಗೊಂಬೆಗಳನ್ನು ನೋಡಿ ಕೆಮ್ಮು ಬರುವವರೆಗೆ ನಕ್ಕ. "ಇವರೆಲ್ಲ ಯಾರವ್ವ? ನಮ್ಮ ಕಾಲಕ್ಕೆ ನಾಲ್ಕೇ ಜನ ಇದ್ದದ್ದು."

"ಹಾಗಾದರೆ ಮೂರನೆಯ ತಿರುವಿನಲ್ಲಿ ಏನಿತ್ತು?"

"ಏನೂ ಇರಲಿಲ್ಲ. ಗೋಣಿಚೀಲ ನಾಲ್ಕಕ್ಕೇ ಮುಗಿದುಹೋಗಿತ್ತು. ಅಲ್ಲಿ ಬರೀ ಕತ್ತಲೆ. ಮತ್ತೆ ನಾನು."

"ನೀನು ಅಲ್ಲಿ ಏನು ಮಾಡುತ್ತಿದ್ದೆ?"

"ಬಂಡಿ ತಳ್ಳುತ್ತಿದ್ದೆ. ಆಗ ಮೋಟಾರು ಎಲ್ಲಿತ್ತು? ಬಾಗಿಲ ಪರದೆ ಬಿದ್ದ ಮೇಲೆ ಪಕ್ಕದ ಕಿಂಡಿಯಿಂದ ಬರಿಗಾಲಲ್ಲಿ ಒಳಗೆ ಬರ್ತಿದ್ದೆ, ಯಾರಿಗೂ ಗೊತ್ತಾಗ್ತಿರಲಿಲ್ಲ. ಮೂರನೆಯ ತಿರುವಿನಲ್ಲಿ ಹಳಿ ಸ್ವಲ್ಪ ಏರು. ಒಂದು ಗಳಿಗೆ ನಿಲ್ಲಿಸಿ ದಮ್ಮು ತಗೊಳ್ತಿದ್ದೆ. ಒಳಗೆ ಸೆಕೆ ನೋಡು, ಕೊರಳಿಗೆ ಒದ್ದೆ ಟವೆಲ್ಲು ಹಾಕ್ಕೊಂಡಿರ್ತಿದ್ದೆ. ಬಗ್ಗಿ ತಳ್ಳುವಾಗ ಅದರ ತುದಿ ಕೂತವರಿಗೆ ತಾಗ್ತಿತ್ತು. ಬೈದುಬಿಟ್ಟಾರು ಅಂತ ನಾನು ಸುಮ್ಮನಿರ್ತಿದ್ದೆ."

ಹೆಂಗಸು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಮುದುಕನ ಕೊರಳಿನಲ್ಲಿದ್ದ ಟವೆಲ್ಲನ್ನು ನೋಡಿದಳು. ಮೂವತ್ತು ವರ್ಷ ಅವಳು ಆ ಬೆರಳನ್ನು ಕಾಪಾಡಿಕೊಂಡು ಬಂದಿದ್ದಳು.

"ಬೆರಳಲ್ಲವೇ?" ಎಂದಳು.

"ಟವೆಲ್ಲು," ಎಂದ ಮುದುಕ.

ಅವಳು ಎದ್ದು ಮೋಟಾರನ್ನು ಬಿಚ್ಚಿಸಿದಳು. ಕೆಂಪು ಬಲ್ಬುಗಳನ್ನು ತೆಗೆಸಿದಳು. ಹಳೆಯ ನಾಲ್ಕು ಗೊಂಬೆಗಳ ಧೂಳು ಕೊಡವಿ ಅವುಗಳ ಜಾಗದಲ್ಲಿ ನಿಲ್ಲಿಸಿದಳು. ಮೂಗು ಹೋದದ್ದಕ್ಕೆ ಮೂಗು ಇಡಿಸಲಿಲ್ಲ. ಮೂರನೆಯ ತಿರುವನ್ನು ಗುಡಿಸಿ ಖಾಲಿ ಬಿಟ್ಟಳು. ಬಡಗಿ ತನ್ನ ಭೂತಗಳನ್ನು ಮನೆಗೆ ಒಯ್ದ. ಬಳೆಯವಳನ್ನು ಕೊಡಲು ಅವನ ಹೆಂಡತಿ ಇಂದಿಗೂ ಒಪ್ಪುವುದಿಲ್ಲ.

ಮುದುಕನಿಗೆ ಮೊಣಕಾಲು ನೋವು, ತಳ್ಳಲಾರೆ ಎಂದ. ಸಂಜೆ ಹೆಂಗಸು ಚಪ್ಪಲಿ ಬಿಟ್ಟಳು. ಸೀರೆ ಎತ್ತಿ ಕಟ್ಟಿದಳು. ಮುದುಕನ ಟವೆಲ್ಲು ಇಸಿದುಕೊಂಡು ಬಕೆಟ್ಟಿನಲ್ಲಿ ಅದ್ದಿ ಕೊರಳಿಗೆ ಹಾಕಿಕೊಂಡಳು. ಕಿಂಡಿಯಿಂದ ಒಳಗೆ ಹೋದಳು.

ಮೊದಲ ಬಂಡಿಯಲ್ಲಿ ಕಿರುಚಿದ್ದು ಪಾರ್ಕಿನ ಗೇಟಿನವರೆಗೆ ಕೇಳಿಸಿತು. ಎರಡನೆಯದು ರಸ್ತೆಗೆ ಕೇಳಿಸಿತು. ಮೇಷ್ಟರು ಇಳಿಯುವಾಗ, ಹಾಜರಿ ಹಾಕಿ ಸಾರ್, ಹಾಜರಿ ಹಾಕಿ ಎನ್ನುತ್ತಿದ್ದರು. ನಿನ್ನೆಯ ಅಜ್ಜಿ ತೀರ್ಥ ಕೇಳಲಿಲ್ಲ, ನೀರು ಕೇಳಿದಳು. ಒಂಬತ್ತು ಬಂಡಿ ಹಾಗೆಯೇ ಹೋದವು. ಹತ್ತನೆಯದರಲ್ಲಿ ನಾನೇ ಕೂರುತ್ತೇನೆ ಎಂದ ವ್ಯಾಪಾರಿ. ಅಳಿಯನನ್ನು ಪಕ್ಕಕ್ಕೆ ಕೂರಿಸಿಕೊಂಡ. ಯಾರೂ ಬಾಯಿ ಬಿಡಬಾರದು ಎಂದು ಅಳಿಯನಿಗೆ ಹೇಳಿದ. ಹಿಂಬಾಗಿಲಿನಿಂದ ಬಂಡಿ ಬಂದಾಗ ವ್ಯಾಪಾರಿ ಕಿರುಚುತ್ತ ಅಳಿಯನ ತೊಡೆಯ ಮೇಲಿದ್ದ.

ಹೆಂಗಸು ಮುಂದಿನ ಬಾಗಿಲಿನಿಂದ ಸುತ್ತಿ ಬಂದಳು. ವ್ಯಾಪಾರಿ ಕೊರಳು ಮುಟ್ಟಿ ನೋಡಿಕೊಳ್ಳುತ್ತ, "ಆ ಹೆಬ್ಬಾವನ್ನು ಎಲ್ಲಿಂದ ತರಿಸಿದೆ?" ಎಂದ.

"ಹಳೆಯದೇ ಸ್ವಾಮಿ. ತೊಳೆದು ಹಾಕಿದೆ," ಎಂದಳು.

ವ್ಯಾಪಾರಿ ಮಾತು ತಪ್ಪಲಿಲ್ಲ. ಬಂಗಲೆಯ ಪತ್ರ ಅವಳ ಹೆಸರಿಗೆ ಬಂತು. ಓದಿ ಹೇಳಲೇ ಎಂದವರಿಗೆ ಬೇಡವೆಂದು ಎರಡು ಸಲ ತಾನೇ ಓದಿ ರುಜು ಹಾಕಿದಳು. ಮೈದುನನೂ ಒಂದು ದಿನ ಬಂದು ಬಂಡಿಯಲ್ಲಿ ಕುಳಿತ. ಇಳಿದ ಮೇಲೆ ಗೋಡೆ ಹಿಡಿದುಕೊಂಡು, ಪರವಾಗಿಲ್ಲ ಅತ್ತಿಗೆ, ಆದರೆ ಹಳೆಯದರಷ್ಟಿಲ್ಲ ಎಂದ. ಅವನ ಒಂದು ಚಪ್ಪಲಿ ಒಳಗೇ ಉಳಿದಿತ್ತು.

ಅದನ್ನು ಕೇಳಿದ ಮೇಲೆ ಅವಳಿಗೆ ಒಂದು ಆಸೆಯಾಯಿತು. ಹಳೆಯದನ್ನು ಅವಳೂ ಕಂಡಿದ್ದಳು. ತಾನೇ ಹೋಲಿಸಿ ನೋಡಬೇಕೆಂದುಕೊಂಡಳು. ಒಂದು ರಜಾ ದಿನ ಬಡಗಿಗೆ ತಳ್ಳಲು ಹೇಳಿ ತಾನು ಬಂಡಿಯಲ್ಲಿ ಕುಳಿತಳು. ಪರದೆ ಬಿತ್ತು. ಒಂದನೆಯ ತಿರುವು ಹೋಯಿತು, ಎರಡನೆಯದು ಹೋಯಿತು. ಮೂರನೆಯ ತಿರುವಿನಲ್ಲಿ ಬಂಡಿ ನಿಂತಿತು. ಕಿವಿಯ ಹತ್ತಿರ ಉಸಿರು ಕೇಳಿಸಿತು. ತಣ್ಣನೆಯದೊಂದು ಅವಳ ಕತ್ತಿಗೆ ತಾಗಿತು.

"ಸ್ವಲ್ಪ ಎಡಕ್ಕೆ," ಎಂದಳು ಅವಳು.

ಇಲ್ಲಿಗೆ ಗುರು ನಿಲ್ಲಿಸಿದರು. ಶಿಷ್ಯೆ ನಗುತ್ತಿದ್ದಳು. ನಗು ಮುಗಿದ ಮೇಲೆ, "ಕೊನೆಗೂ ಅದು ಮೊದಲಿನದಕ್ಕೆ ಸಮನಾಯಿತೆಂದು ಅವಳಿಗೆ ತಿಳಿಯಿತೇ?" ಎಂದು ಕೇಳಿದಳು.

ಗುರು ಹೇಳಿದರು: "ಇಂದು ಬಂಗಲೆ ಅವಳದು, ಹಳಿ ಅವಳದು, ನಾಲ್ಕು ಗೊಂಬೆಗಳೂ ಅವಳವು, ಆ ಊರಿನಲ್ಲಿ ಅದರೊಳಗೆ ಹೆದರಲಾರದವಳು ಅವಳೊಬ್ಬಳೇ."