ನಿಲ್ಲು ಅಂದ್ರೂ ನಿಲ್ಲದ ಬಿಲ್ಡ್

ಇದನ್ನ ಯಾರ ಹತ್ರನೂ ಹೇಳಬೇಡ ಅಂತ ನಮ್ಮಣ್ಣ ಹಾಲೇಶ ನನ್ನ ಕೈಲಿ ಆಣೆ ಮಾಡಿಸ್ಕೊಂಡಿದ್ದ. ಇದೇ ಮೊದಲ ಸಲ ಹೇಳ್ತಿದೀನಿ.

ಹೊಳೆ ದಂಡೇಲಿ ಒಂದು ಮಠ. ಅಜ್ಜಯ್ಯ ಗುರುಗಳು, ಅಣ್ಣ ಶಿಷ್ಯ. ಊರೂರಲ್ಲಿ ಹಾಡಿಸಿ ರೆಕಾರ್ಡ್ ಮಾಡಿದ್ದ ತತ್ವಪದಗಳನ್ನ ಇಬ್ಬರೂ ಸೇರಿ ಒಂದು ಆ್ಯಪಿಗೆ ಹಾಕ್ತಿದ್ರು.

ಆವತ್ತು ಬೆಳಿಗ್ಗೆ ಅಣ್ಣ ಬಿಲ್ಡ್, ಅಂದ್ರೆ ಆ್ಯಪ್ ಕಟ್ಟೋ ಪ್ರೋಗ್ರಾಮು, ಶುರು ಮಾಡಿದ. ಅದು ಒಂದೊಂದೇ ಹಾಡು ತಗೊಂಡು, ಫೈಲ್ ಚಿಕ್ಕದು ಮಾಡಿ, ಹಳೇದರ ಮೇಲೇ ಬರಿಯೋದು. ಮೂರು ಹಾಡು ಆದ್ಮೇಲೆ ಕೇಳಿ ನೋಡಿದ. ಬರೀ ಗುಂಯ್ ಅನ್ನೋ ಸದ್ದು. ಫೈಲ್ ಎಷ್ಟು ಚಿಕ್ಕದು ಮಾಡಬೇಕು ಅನ್ನೋ ಅಂಕಿ ತಪ್ಪು ಹಾಕಿದ್ದ.

ಅವು ಕೊಟ್ರವ್ವ ಅನ್ನೋ ಮುದುಕಿ ಹಾಡಿದ್ದ ಪದಗಳು. ಬೇರೆ ಕಾಪಿ ಇರಲಿಲ್ಲ. ಕೊಟ್ರವ್ವ ತೀರ್ಕೊಂಡು ಎರಡು ತಿಂಗಳಾಗಿತ್ತು.

ಬಿಲ್ಡ್ ನಿಲ್ಲಿಸೋಕೆ ಕಂಟ್ರೋಲ್ ಸಿ ಒತ್ತಿದ. ನಿಲ್ಲಲಿಲ್ಲ. ಹತ್ತು ಸಲ ಒತ್ತಿದ. ನಾಲ್ಕನೇ ಹಾಡೂ ಹೋಯ್ತು.

ಕೋಣೆ ಬಾಗಿಲು ತೆಗೆದು ಕೂಗಿದ. "ಅಜ್ಜಯ್ಯಾ! ಇದು ನನ್ನ ಮಾತೇ ಕೇಳ್ತಿಲ್ಲ!"

ಅಜ್ಜಯ್ಯ ನಿಧಾನಕ್ಕೆ ಬಂದು ಪಕ್ಕ ಕೂತ್ರು.

"ಅದನ್ಯಾಕೋ ಹಂಗೆ ಕುಟ್ತೀಯ? ಕೀಬೋರ್ಡೋ ಒರಳೋ?"

"ವೈರ್ ಕಿತ್ತುಬಿಡ್ಲಾ?"

"ಬ್ಯಾಟ್ರಿ ಇದೆ ಮಾರಾಯ. ನಿಲ್ಲು ಅಂದ್ರೆ ಕೇಳಬೇಡ ಅಂತ ಅದಕ್ಕೆ ಯಾರಾದ್ರೂ ಹೇಳಿದಾರಾ?"

ಅಣ್ಣನ ಕೈ ನಿಂತೋಯ್ತು.

"ನಾನೇ ಹೇಳಿದೀನಿ. ಹೋದ ವಾರ ಕಾಪಿ ಮಾಡೋಕೆ ಅಂತ ಕಂಟ್ರೋಲ್ ಸಿ ಒತ್ತಿಬಿಟ್ಟೆ, ಬಿಲ್ಡೇ ಸತ್ತೋಯ್ತು. ಎರಡು ಸಲ ಹಂಗಾಯ್ತು. ಸಿಟ್ಟು ಬಂದು, ಅದನ್ನ ಕಿವಿಗೇ ಹಾಕ್ಕೋಬೇಡ ಅಂತ ಒಂದು ಸಾಲು ಬರೆದಿಟ್ಟೆ."

"ಹಾಡು ಚಿಕ್ಕದು ಮಾಡೋ ಪ್ರೋಗ್ರಾಮಿಗೂ ಬರೆದ್ಯಾ?"

"ಇಲ್ಲ. ಒಂದೊಂದು ಹಾಡಿಗೂ ಅದನ್ನ ಬಿಲ್ಡೇ ಎಬ್ಬಿಸಿ ಓಡಿಸೋದು."

"ಹಂಗಾದ್ರೆ ಬಿಲ್ಡು ಅವ್ವ, ಅದು ಮಗು. ಅವ್ವನೇ ಕಿವಿ ಮುಚ್ಚಿ ಕಳಿಸಿದ್ರೆ ಮಗು ಎಲ್ಲಿಂದ ಕೇಳುತ್ತೋ? ಕಮಾಂಡ್ ಬರೆಯೋ ಇನ್ನೊಂದು ಟರ್ಮಿನಲ್ ಕಿಟಕಿ ತೆಗಿ. ಓಡ್ತಿರೋ ಪ್ರೋಗ್ರಾಮಿಗೆಲ್ಲಾ ಒಂದೊಂದು ನಂಬರ್ ಇರುತ್ತಲ್ಲ, ಇವೆರಡರದೂ ಹುಡುಕಿ ಅಲ್ಲಿಂದ ನಿಲ್ಲಿಸು. ಮೊದಲು ಅವ್ವನ್ನ, ಆಮೇಲೆ ಮಗುನ."

"ಮಗುನ ಮೊದಲು ನಿಲ್ಲಿಸಿದ್ರೆ?"

"ಅವ್ವ ಇನ್ನೊಂದನ್ನ ಕಳಿಸ್ತಾಳೆ."

ಅಣ್ಣ ಹಂಗೇ ಮಾಡಿದ. ಸ್ಕ್ರೀನ್ ಮೇಲೆ ಓಡ್ತಿದ್ದ ಸಾಲುಗಳು ನಿಂತ್ವು. ಐದು ಹಾಡು ಹೋಗಿತ್ತು. ಉಳಿದಿದ್ದೆಲ್ಲಾ ಉಳೀತು.

ಅಣ್ಣ ಕಣ್ಣೊರೆಸ್ಕೊಂಡ. "ಆ ಸಾಲು ತೆಗೆದುಬಿಡ್ತೀನಿ ಅಜ್ಜಯ್ಯ."

"ತೆಗೆದ್ರೆ ನಾಳೆ ಮತ್ತೆ ಕೈ ತಪ್ಪಿ ಒತ್ತುತೀಯ."

"ಬಿಟ್ರೆ?"

"ಇವತ್ತು ನೋಡಿದ್ಯಲ್ಲ."

"ಹಂಗಾದ್ರೆ ಏನಂತ ಬರೀಲಿ?"

ಅಜ್ಜಯ್ಯ ಎದ್ದು ತಮ್ಮ ಕೋಣೆಗೆ ಹೋದ್ರು. ಹೊಸಿಲ ಹತ್ರ ತಿರುಗಿ ನಿಂತ್ರು.

"ನೀನು ಶುರು ಮಾಡೋ ಮುಂಚೆ, ಆ ಅಂಕಿ ತಪ್ಪಿದೆ ಅಂತ ಹೇಳೋಕೆ ಬಂದಿದ್ದೆ ಕಣೋ ಹಾಲೇಶ. ಮೂರು ಸಲ ನಿನ್ನ ಬಾಗಿಲು ಬಡಿದೆ, ನೀನು ಓಗೊಡಲೇ ಇಲ್ಲ."

ಬಾಗಿಲು ಹಾಕ್ಕೊಂಡ್ರು.

ಅಣ್ಣ ಹೋಗಿ ತಟ್ಟಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಟ್ಟಿದ.

ಒಳಗಿಂದ ಯಾರೂ ಓಗೊಡಲಿಲ್ಲ.